ನರಿಯ ತೂಕದ ಗುಂಡು

ಕ್ಲೆಮ್ ಪೆದರಿಕ್‌ನಿಗೆ ಹೊಟ್ಟೆಕಿಚ್ಚು ಎಂದು ಯಾರಾದರೂ ಹೇಳಿದ್ದರೆ ಬೆನಾಂಬಿ ಎಂಬ ಬೆಟ್ಟದೂರಿನ ಜನ ನಕ್ಕುಬಿಡುತ್ತಿದ್ದರು. ಮರದ ಮಿಲ್ಲಿನಲ್ಲಿ ಮೂವತ್ತೆಂಟು ವರ್ಷ ಗರಗಸದ ಹಲ್ಲು ಹರಿತ ಮಾಡಿದ ಮನುಷ್ಯ. ಅಳೆದು ಮಾತಾಡುವವನು, ತೂಗಿ ನಗುವವನು. ಆ ಕಣಿವೆಯಲ್ಲಿ ಕಡವೆ ಬೇಟೆಗೆ ಹೊರಟವರೆಲ್ಲ ತೋಟಾ ತುಂಬಿಸಿಕೊಳ್ಳಲು ಅವನ ಮನೆಯ ಹಿಂದಿನ ಶೆಡ್ಡಿಗೇ ಬರಬೇಕು. ಬಂದವರಿಗೆ ಕ್ಲೆಮ್ ಮೂರು ಪ್ರಶ್ನೆ ಹಾಕುತ್ತಿದ್ದ. ಕೋವಿ ಯಾವುದು? ಹೊಡೆಯುವುದು ಏನನ್ನು? ಎಷ್ಟು ದೂರದಿಂದ? ಮೂರಕ್ಕೂ ನೆಟ್ಟಗೆ ಉತ್ತರ ಬರದಿದ್ದರೆ ಮದ್ದಿನ ಡಬ್ಬಿಯ ಮುಚ್ಚಳವನ್ನೇ ತೆಗೆಯುತ್ತಿರಲಿಲ್ಲ.

ತೂಕದ ವಿಷಯದಲ್ಲಂತೂ ಅವನ ಕಟ್ಟುನಿಟ್ಟು ಪಾದ್ರಿಗಿಂತ ಒಂದು ಕೈ ಮೇಲು. ಗುಂಡನ್ನು ತೂಗುವುದು ಗ್ರೇನ್ ಎಂಬ ಪುಟ್ಟ ತೂಕದ ಲೆಕ್ಕದಲ್ಲಿ. ಒಂದೇ ಕೋವಿಗೆ ನೂರರದ್ದೂ ಹಾಕಬಹುದು, ಇನ್ನೂರರದ್ದೂ ಹಾಕಬಹುದು. "ನಳಿಗೆಗೆ ಹಿಡಿಸ್ತು ಅಂದ ಮಾತ್ರಕ್ಕೆ ಪ್ರಾಣಿಗೆ ಹಿಡಿಸುತ್ತೇನ್ರೋ?" ಎಂದು ಬೈಯುತ್ತಿದ್ದ. "ನರಿ ಗುಂಡು ಹಗುರ, ಮೇಲಿನ ತಾಮ್ರಾನೂ ತೆಳು. ತಾಗಿದ ಕೂಡಲೇ ಒಡೆದು ಪುಡಿಪುಡಿ. ನರಿಗೆ ಅಷ್ಟು ಸಾಕು, ನಿಂತಲ್ಲೇ ಸಾಯುತ್ತೆ. ಅದನ್ನೇ ತಗೊಂಡು ಕಡವೆ ಭುಜಕ್ಕೆ ಹೊಡೆದ್ರೆ ಮೂಳೆ ಮೇಲೇ ಪುಡಿಯಾಗಿ ಅಲ್ಲೇ ನಿಂತ್ಕೊಳ್ಳುತ್ತೆ, ಒಳಗೆ ಹೋಗಲ್ಲ. ಪ್ರಾಣಿ ಮೂರು ದಿನ ನರಳಿ ಸಾಯುತ್ತೆ. ಹಾಗೆ ಮಾಡೋನು ಬೇಟೆಗಾರ ಅಲ್ಲ. ಅಂಥೋನ ಜೊತೆ ನಾನು ಟೀ ಕೂಡ ಕುಡಿಯಲ್ಲ."

ಆರ್ಟಿ ಡ್ವಾಯರ್‌ನಿಗೂ ಇದನ್ನೇ ಹೇಳಿಕೊಟ್ಟಿದ್ದ. ಆರ್ಟಿ ಕೊಳಾಯಿ ಕೆಲಸದವನು, ಕ್ಲೆಮ್‌ಗಿಂತ ಹದಿನೇಳು ವರ್ಷ ಚಿಕ್ಕವನು. ಆರು ವರ್ಷದ ಹಿಂದೆ ಕೆಳಗಿನ ಬಯಲುಸೀಮೆಯಿಂದ ಊರಿಗೆ ಬಂದಾಗ ಕೋವಿಯ ಯಾವ ತುದಿಯಿಂದ ಗುಂಡು ಹೊರಡುತ್ತದೆ ಎಂಬುದನ್ನೂ ಕೇಳಿ ತಿಳಿದುಕೊಳ್ಳಬೇಕಾದ ಸ್ಥಿತಿ ಅವನದು. ಅವನಿಗೆ ಕೋವಿ ಆರಿಸಿಕೊಟ್ಟವನು ಕ್ಲೆಮ್. ಎಲ್ಲರೂ 'ತ್ರೀ ಓ ಎಯ್ಟ್' ಎನ್ನುವ ನಡುಗಾತ್ರದ ಕೋವಿ ಅದು. ಅದಕ್ಕೆ ಕಡವೆ ಹೊಡೆಯುವ ಗುಂಡಿನ ತೂಕ ನೂರ ಎಂಬತ್ತು ಗ್ರೇನ್ ಎಂದು ಗೊತ್ತುಮಾಡಿ, ಗಾಳಿ ನೋಡುವುದನ್ನು, ಹೆಜ್ಜೆ ಓದುವುದನ್ನು, ಭುಜದ ಸಂದಿಗೆ ಗುರಿ ಹಿಡಿಯುವುದನ್ನು ಕೈಹಿಡಿದು ಕಲಿಸಿದ.

ಕಲಿತವನು ಮಾಡಿದ್ದೇನು? ಎರಡನೇ ವರ್ಷವೇ ಮೂವತ್ತಿಂಚು ಕೋಡಿನ ಗಂಡು ಕಡವೆ ಹೊಡೆದ. ನಾಲ್ಕನೇ ವರ್ಷ ಮೂವತ್ತೆರಡಿಂಚಿನದು! ಮೂವತ್ತು ದಾಟಿದ ಕೋಡೆಂದರೆ ಆ ಬೆಟ್ಟಗಳ ಬೇಟೆಗಾರನಿಗೆ ಜನ್ಮ ಸಾರ್ಥಕವಾದಂತೆ. ಕ್ಲೆಮ್ ಮೂವತ್ತೊಂದು ವರ್ಷ ಅಲೆದಿದ್ದ. ಫ್ರೀಜರ್ ತುಂಬ ಮಾಂಸ ತಂದಿದ್ದ, ಒಂದೆರಡು ಇಪ್ಪತ್ತಾರಿಂಚಿನ ಕೋಡನ್ನೂ ತಂದಿದ್ದ. ಮೂವತ್ತು ಮಾತ್ರ ಅವನ ಗೋಡೆಗೆ ಬಂದಿರಲಿಲ್ಲ. ಊರಿನ ಪಬ್ಬಿನಲ್ಲಿ ಬಾಗಿಲ ಎದುರಿಗೇ ಆರ್ಟಿಯ ಫೋಟೋ ತೂಗುಹಾಕಿದ್ದರು. ಅದರಲ್ಲಿ ಕಡವೆಯ ಹಿಂದೆ ಮಂಡಿಯೂರಿ ಹಲ್ಲು ಕಿರಿಯುತ್ತಿದ್ದವನು ಆರ್ಟಿ. ಪಕ್ಕದಲ್ಲಿ ಒಂದು ಮೊಣಕೈ ಕಾಣುತ್ತಿತ್ತಲ್ಲ, ಅದು ಕ್ಲೆಮ್‌ನದು.

ಅಯ್ಯೋ, ಆ ಮೊಣಕೈ ಅವನ ಹೊಟ್ಟೆಯಲ್ಲಿ ಎಷ್ಟು ಉರಿ ಹಚ್ಚಿತ್ತು! ಬಿಯರ್ ಕುಡಿಯಲು ಹೋದಾಗಲೆಲ್ಲ ಫೋಟೋಗೆ ಬೆನ್ನು ಹಾಕಿ ಕೂರುತ್ತಿದ್ದ. ಬೆನ್ನು ಹಾಕಿದರೆ ಕಿವಿ ಮುಚ್ಚುತ್ತದೆಯೇ? "ಆರ್ಟೀ, ಬಾರೋ ಇಲ್ಲಿ! ಆ ಮೂವತ್ತೆರಡರ ಕಥೆ ಇನ್ನೊಂದ್ಸಲ ಹೇಳು" ಎಂದು ಜನ ಕೂಗುತ್ತಿದ್ದರು. ಆರ್ಟಿಯೋ, "ನಂದೇನಿದೆ, ಎಲ್ಲ ಈ ಮುದುಕ ಹೇಳ್ಕೊಟ್ಟಿದ್ದು" ಎಂದು ಕ್ಲೆಮ್‌ನ ಬೆನ್ನು ತಟ್ಟುತ್ತಿದ್ದ. ಹಾಗೆ ತಟ್ಟುವುದೇ ಕ್ಲೆಮ್‌ಗೆ ಆಗದ ಸಂಗತಿ. ಅವನು ಜಂಭ ಪಟ್ಟಿದ್ದರೆ ಬೈದುಕೊಂಡು ನೆಮ್ಮದಿಯಾಗಿರಬಹುದಿತ್ತು. ಈ ಮನುಷ್ಯ ಅದಕ್ಕೂ ಅವಕಾಶ ಕೊಡಲಿಲ್ಲವಲ್ಲ! ಭಾನುವಾರ ತೋಟಾ ತುಂಬಲು ಬಂದವನು ಅಡುಗೆಮನೆಗೂ ನುಗ್ಗಿ, ಸಿಂಕು ಸರಿಮಾಡಿ, ಏನೋ ಒಂದು ಹಾಸ್ಯ ಹಾರಿಸಿ, ಕ್ಲೆಮ್‌ನ ಹೆಂಡತಿ ಮರ್ಲ್ ಹೊಟ್ಟೆ ಹಿಡಿದುಕೊಂಡು ನಗುವ ಹಾಗೆ ಮಾಡುತ್ತಿದ್ದ. ಶೆಡ್ಡಿನಲ್ಲಿ ಮದ್ದು ತೂಗುತ್ತ ಕೂತ ಕ್ಲೆಮ್‌ಗೆ ಆ ನಗು ಕೇಳಿಸುತ್ತಿತ್ತು. ತನ್ನ ಮಾತಿಗೆ ಅವಳು ಹಾಗೆ ನಕ್ಕು ಇಪ್ಪತ್ತು ವರ್ಷವಾಗಿರಬೇಕು. ತಕ್ಕಡಿಯ ಮುಳ್ಳು ಅಲ್ಲಾಡಿದರೆ ಅದಕ್ಕೂ ಆರ್ಟಿಯೇ ಕಾರಣ ಎನಿಸುತ್ತಿತ್ತು.

ಇಷ್ಟಾದರೂ ಕ್ಲೆಮ್‌ನ ಹತ್ತಿರ ಒಂದು ಗುಟ್ಟಿತ್ತು. ಡೆಡ್ ಹಾರ್ಸ್ ಹಳ್ಳದ ಮೇಲಿನ ಕಮರಿಯಲ್ಲಿ ಒಂದು ದೊಡ್ಡ ಗಂಡು ಕಡವೆ ಇತ್ತು. ನಾಲ್ಕು ಚಳಿಗಾಲದಿಂದ ಅದರ ಹಿಂದೆ ಬಿದ್ದಿದ್ದ. ಅದು ಕೋಡು ತಿಕ್ಕುವ ಮರ ಗೊತ್ತು, ಹೊರಳಾಡುವ ಕೆಸರು ಗೊತ್ತು. ಎರಡು ಸಲ ಕಣ್ಣಿಗೂ ಬಿದ್ದಿತ್ತು, ಆದರೆ ಕೋವಿ ಎತ್ತುವಷ್ಟು ಹೊತ್ತು ನಿಂತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ. ಹೇಳದೆ ಇದ್ದದ್ದೇ ಕುತ್ತಿಗೆಗೆ ಬಂತು. ಊರಿನ ಬೇಟೆಗಾರರ ತಂಡದಲ್ಲಿ ಒಂದು ಕಟ್ಟುಪಾಡಿತ್ತು. ಕ್ಲೆಮ್‌ನೇ ಮಾಡಿದ್ದು. ಕಡವೆಯನ್ನು ಕಂಡೆ ಎಂದು ಮೊದಲು ಬಾಯಿಬಿಟ್ಟು ಹೇಳಿದವನದೇ ಸರದಿ. ಜೊತೆಗೆ ಹೋಗುವವನು ದುರ್ಬೀನು ಮಾತ್ರ ಹಿಡಿದುಕೊಳ್ಳಬೇಕು, ಕೋವಿ ತರಕೂಡದು. ಒಂದು ಕಮರಿಯಲ್ಲಿ ಎರಡು ಕೋವಿ ಇದ್ದರೆ ಒಂದಲ್ಲ ಒಂದು ದಿನ ಮನುಷ್ಯ ಸಾಯುತ್ತಾನೆ ಎಂದು ಅವನ ವಾದ.

ಆಗಸ್ಟ್, ಅಂದರೆ ಅಲ್ಲಿಯ ಚಳಿಗಾಲ. ಒಂದು ಭಾನುವಾರ ಆರ್ಟಿ ಶೆಡ್ಡಿಗೆ ಬಂದವನೇ ಟೋಪಿ ತೆಗೆದು ಮೇಜಿನ ಮೇಲೆ ಎಸೆದ.

"ಏ ಮುದುಕಾ, ಕೂತ್ಕೊಂಡಿದ್ದೀಯ ತಾನೇ? ನಿಂತಿದ್ರೆ ಬೀಳ್ತಿದ್ದೆ. ಡೆಡ್ ಹಾರ್ಸ್ ಮೇಲೆ ಒಂದು ಕಡವೆ ನೋಡ್ದೆ ಮಾರಾಯ. ಅಪ್ಪಾ, ಅದರ ಕೋಡೇ!"

ಕ್ಲೆಮ್ ತಕ್ಕಡಿಯಿಂದ ಕಣ್ಣೆತ್ತಲಿಲ್ಲ. "ಎಲ್ಲಿ?" ಎಂದ, ಗೊತ್ತಿಲ್ಲದವನಂತೆ.

"ಆಚೆ ದಿಣ್ಣೆ ಮೇಲೆ, ವಾಟಲ್ ಮರ ಹಳದಿ ಹೂ ಬಿಟ್ಟಿದೆಯಲ್ಲ, ಅದರ ಕೆಳಗೆ. ಬರೋ ಶನಿವಾರ ಹೋಗೋಣ. ನೀನೂ ಬಾ. ಈಚೆ ದಡದಿಂದಾನೇ ಹೊಡೀಬೇಕು, ಇನ್ನೂರೈವತ್ತು ಗಜ ಆಗ್ಬಹುದು. ಯಾವ ತೋಟಾ ಹಾಕ್ಲಿ?"

ನನ್ನದು ಅದು, ನಾಲ್ಕು ವರ್ಷದಿಂದ ನನ್ನದು ಎಂದು ಕೂಗಬೇಕೆನಿಸಿತು ಕ್ಲೆಮ್‌ಗೆ. ಕೂಗಿದರೆ ಮುಚ್ಚಿಟ್ಟಿದ್ದೂ ಹೊರಗೆ ಬರುತ್ತದೆ. ಅದೂ ಅಲ್ಲದೆ ಕಟ್ಟುಪಾಡು ತನ್ನದೇ. ಮೂರನೆಯ ಕೋಡೂ ಈ ಕೊಳಾಯಿಯವನ ಪಾಲು, ಫೋಟೋದಲ್ಲಿ ಇನ್ನೊಂದು ಮೊಣಕೈ ತನ್ನ ಪಾಲು! ಎದ್ದು ಹೋಗಿ ಕಪಾಟಿನಿಂದ ಎರಡು ಡಬ್ಬಿ ತೆಗೆದ. ಒಂದು ನೂರ ಎಂಬತ್ತರದ್ದು. ಇನ್ನೊಂದು ನೂರ ಮೂವತ್ತರದ್ದು, ಕುರಿ ದೊಡ್ಡಿಯವರು ನರಿ ಹೊಡೆಯಲು ತುಂಬಿಸಿಕೊಳ್ಳುವ ತೆಳು ತಾಮ್ರದ ಗುಂಡು. ಭಾರದ ಡಬ್ಬಿಯನ್ನು ಒಳಗಿಟ್ಟು, ಹಗುರದ್ದನ್ನು ಮೇಜಿನ ಮೇಲಿಟ್ಟ.

"ಇದು" ಎಂದ.

ಆರ್ಟಿ ಒಂದು ಗುಂಡನ್ನು ಬೆರಳ ನಡುವೆ ಹಿಡಿದು ನೋಡಿದ. "ಚೋಟುದ್ದ ಇದೆಯಲ್ಲೋ. ನರಿ ಗುಂಡಿನ ಹಾಗಿದೆ."

"ದೂರ ಜಾಸ್ತಿ ಅಂದೆಯಲ್ಲ. ಹಗುರದ್ದು ವೇಗವಾಗಿ ಹೋಗುತ್ತೆ, ನೇರ ಹೋಗುತ್ತೆ. ಕಾನೂನಲ್ಲೂ ಕಡವೆಗೆ ನೂರ ಮೂವತ್ತಕ್ಕಿಂತ ಕಡಿಮೆ ಇರಬಾರದು ಅಂತ ತಾನೇ ಇರೋದು? ಇದು ನೂರ ಮೂವತ್ತೇ."

"ಆಯ್ತಪ್ಪ. ನೀನು ಹೇಳಿದ್ಮೇಲೆ ಮುಗೀತು" ಎಂದು ಆರ್ಟಿ ಅಡುಗೆಮನೆಗೆ ಹೊರಟ. ಸ್ವಲ್ಪ ಹೊತ್ತಿಗೆ ಮರ್ಲ್‌ಳ ನಗು ಕೇಳಿಸಿತು.

ನೀನು ಹೇಳಿದ್ಮೇಲೆ ಮುಗೀತು! ಬೇರೆ ಯಾರಾದರೂ ಆಗಿದ್ದರೆ ಈ ಮಾತಿಗೆ ನಾಚಿ ಡಬ್ಬಿ ಬದಲಿಸುತ್ತಿದ್ದರು. ಕ್ಲೆಮ್ ಬದಲಿಸಲಿಲ್ಲ. ತೂಕ ಕಾನೂನಿಗೆ ಸರಿಯಾಗಿದೆ, ನಾನು ಸುಳ್ಳೇನೂ ಹೇಳಲಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಇಪ್ಪತ್ತು ತೋಟಾ ತುಂಬಿದ. ಎಂಥ ವಕೀಲಿಕೆ ಇದು! ಕಾನೂನು ಬರೆದವನು ತೂಕ ಮಾತ್ರ ಬರೆದಿದ್ದ. ತಾಮ್ರ ತೆಳುವೋ ದಪ್ಪವೋ ಎಂಬುದು ಕ್ಲೆಮ್‌ನಂಥ ಬಲ್ಲವರ ಮರ್ಯಾದೆಗೆ ಬಿಟ್ಟ ಮಾತು. ಅವನಿಗೆ ಬೇಕಾಗಿದ್ದು ಇಷ್ಟೇ. ಆರ್ಟಿ ಹೊಡೆಯಬೇಕು, ಕಡವೆ ಗಾಯಗೊಂಡು ಓಡಿಹೋಗಬೇಕು, ಪಬ್ಬಿನಲ್ಲಿ ಜನ ಅವನನ್ನು ನೋಡಿ ಮುಖ ತಿರುಗಿಸಬೇಕು. ಕಡವೆಯ ಗತಿ ಏನು ಎಂಬ ಯೋಚನೆ ಬಂದಾಗಲೆಲ್ಲ ಅದನ್ನು ಆಚೆ ತಳ್ಳಿದ.

ಶುಕ್ರವಾರ ಹಿತ್ತಲ ಹುಲ್ಲುಗಾವಲಿನಲ್ಲಿ ಕೋವಿಯ ಗುರಿಯನ್ನು ಹೊಸ ಗುಂಡಿಗೆ ಹೊಂದಿಸಿದರು. ಆರ್ಟಿ ಹಾರಿಸಿದ ಮೂರು ಈಡೂ ಒಂದೇ ನಾಣ್ಯದಗಲದಲ್ಲಿ ಬಿದ್ದವು. "ನೋಡೋ, ನೋಡೋ! ಜಾದೂಗಾರ ಕಣೋ ನೀನು" ಎಂದು ಅವನು ಕುಣಿದ. ಕ್ಲೆಮ್‌ಗೆ ಅದನ್ನು ಕಂಡೂ ಹೊಟ್ಟೆ ಉರಿಯಿತು. ತನ್ನ ಕೈ ಈಚೆಗೆ ಅಷ್ಟು ಗಟ್ಟಿ ನಿಲ್ಲುತ್ತಿರಲಿಲ್ಲ.

ಶನಿವಾರ ಬೆಳಕು ಹರಿಯುವ ಮುಂಚೆ ಹೊರಟು, ಹುಲ್ಲಿನ ಮೇಲಿನ ಹಿಮ ಕರಗುವ ಹೊತ್ತಿಗೆ ಈಚೆ ದಡದ ಬಂಡೆಯ ಮೇಲೆ ಇಬ್ಬರೂ ಬೋರಲಾಗಿ ಮಲಗಿ ಕಾದರು. ಕ್ಲೆಮ್‌ನ ಕೈಯಲ್ಲಿ ದುರ್ಬೀನು, ಆರ್ಟಿಯ ಕೈಯಲ್ಲಿ ಕೋವಿ. ಎಂಟು ಗಂಟೆಯಾಗಿರಬೇಕು. ವಾಟಲ್ ಮರಗಳ ಹಳದಿಯ ಕೆಳಗಿನಿಂದ ಕಡವೆ ತಾನಾಗಿ ಹೊರಬಂತು. ಕಪ್ಪಿಗೆ ತಿರುಗಿದ ಮೈ, ಕುತ್ತಿಗೆಯ ಸುತ್ತ ಕೇಸರ, ತಲೆಯ ಮೇಲೆ ದಪ್ಪನೆಯ ಕೋಡು. ಮೂವತ್ತಕ್ಕೆ ಕಡಿಮೆಯೇ ಇಲ್ಲ.

ಆಗ ಆರ್ಟಿ ಕೋವಿಯನ್ನು ಅವನ ಕಡೆಗೆ ಸರಿಸಿದ.

"ತಗೋ" ಎಂದ ಪಿಸುಮಾತಿನಲ್ಲಿ.

"ಏನು?"

"ನಿಂದು ಇದು. ನಿನ್ನೆ ಸಂಜೆ ಮರ್ಲ್ ಫೋನಲ್ಲಿ ಹೇಳಿದ್ಲು. ನಾಲ್ಕು ವರ್ಷದಿಂದ ನಿದ್ದೇಲೆಲ್ಲ ಇದನ್ನೇ ಕನವರಿಸ್ತಿದ್ದೀಯಂತೆ. ಕತ್ತೆ, ಒಂದು ಮಾತು ನಂಗೆ ಹೇಳಕ್ಕೇನಾಗಿತ್ತು ನಿಂಗೆ? ಹೇಳಿದ್ರೆ ನಾನು ಈ ಕಡೆ ತಲೇನೂ ಹಾಕ್ತಿರಲಿಲ್ಲ. ಹೊಡಿ."

ಕ್ಲೆಮ್‌ಗೆ ಮೊದಲು ಬಂದದ್ದು ನಾಚಿಕೆ ಎಂದು ನೀವು ತಿಳಿದರೆ ತಪ್ಪು. ಮೊದಲು ಬಂದದ್ದೂ ಹೊಟ್ಟೆಕಿಚ್ಚೇ. ಕೋಡೂ ಇವನಿಗೇ, ಗುರಿಯೂ ಇವನಿಗೇ, ಕೊನೆಗೆ ದೊಡ್ಡ ಮನಸ್ಸೂ ಇವನಿಗೇ ಬೇಕೆ? ಆಮೇಲೆ ನಳಿಗೆಯಲ್ಲಿ ಏನಿದೆ ಎಂಬುದು ನೆನಪಾಯಿತು.

"ನೀನೇ ಹೊಡಿ" ಎಂದ.

"ಥೂ, ಸುಮ್ನೆ ಹೊಡಿಯೋ. ನಿಂತಿದೆ, ಹೋಗಿಬಿಡುತ್ತೆ."

ಕ್ಲೆಮ್ ಕೋವಿಯನ್ನು ಹೆಗಲಿಗೆ ಹಿಡಿದ. ಆಗಲೂ ಹೇಳಬಹುದಿತ್ತು. ಈ ಗುಂಡು ಬೇಡ, ಇದು ನರಿಯದ್ದು ಎನ್ನುವ ನಾಲ್ಕು ಮಾತು. ಇಲ್ಲವೇ ಒಂದು ಸಲ ಕೆಮ್ಮಿದ್ದರೆ ಸಾಕಿತ್ತು, ಕಡವೆ ಬದುಕಿಕೊಳ್ಳುತ್ತಿತ್ತು. ಕಡವೆ ಎದುರಾಗಿ ಓರೆಗೆ ನಿಂತಿತ್ತು, ಭುಜದ ಮೂಳೆ ಎದೆಗೆ ಅಡ್ಡವಾಗಿತ್ತು. ಪಕ್ಕಕ್ಕೆ ತಿರುಗಿ ಪಕ್ಕೆಲುಬು ತೋರಿಸಿದರೆ ಹಗುರದ ಗುಂಡೂ ಶ್ವಾಸಕೋಶ ಮುಟ್ಟೀತು ಎಂದು ಕಾದ. ತಿರುಗಲಿಲ್ಲ. ಬದಲಿಗೆ ಪೊದೆಯ ಕಡೆ ಒಂದು ಹೆಜ್ಜೆ ಇಟ್ಟಿತು. ಮೂವತ್ತೊಂದು ವರ್ಷ ಕಾದ ಜೀವ, ಇನ್ನೊಂದು ಹೆಜ್ಜೆಗೆ ಎಲ್ಲ ಮುಗಿಯಿತಲ್ಲ ಎಂದು ತಡೆಯಲಾರದೆ ಹೋಯಿತು. ಕೋವಿಯ ಕುದುರೆ ಎಳೆದ.

ಕಡವೆ ಮುಂಗಾಲು ಮಡಚಿ ಬಿತ್ತು. ಆರ್ಟಿ ಅವನ ಬೆನ್ನಿಗೊಂದು ಗುದ್ದಿದ. ಅಷ್ಟರಲ್ಲಿ ಅದು ಎದ್ದು, ಮೂರು ಕಾಲಿನ ಮೇಲೆ ಕುಂಟುತ್ತ ಪೊದೆಯೊಳಗೆ ನುಗ್ಗಿತು.

"ಪರವಾಗಿಲ್ಲ ಬಿಡು, ಭುಜಕ್ಕೇ ತಾಗಿದೆ. ಐವತ್ತು ಗಜ ಹೋಗಿ ಬೀಳುತ್ತೆ" ಎಂದ ಆರ್ಟಿ.

ಬೀಳುವುದಿಲ್ಲ ಎಂದು ಕ್ಲೆಮ್‌ಗೆ ಗೊತ್ತಿತ್ತು.

ನಾಲ್ಕೂವರೆ ಗಂಟೆ ಹಿಂಬಾಲಿಸಿದರು. ಹಳ್ಳಕ್ಕೆ ಇಳಿದು, ಮರದೆತ್ತರದ ಜರಿಗಿಡಗಳ ನಡುವೆ ತೆವಳಿ, ಬ್ಲ್ಯಾಕ್‌ಬೆರ್ರಿ ಮುಳ್ಳಿನಲ್ಲಿ ಮೈಕೈ ಪರಚಿಕೊಂಡು ನಡೆದರು. ಒಂದು ಎಲೆಯ ಮೇಲೆ ಒಂದು ಹನಿ ರಕ್ತ, ಮೂವತ್ತು ಹೆಜ್ಜೆ ಬಿಟ್ಟು ಇನ್ನೊಂದು ಹನಿ. ದಾರಿಯುದ್ದಕ್ಕೂ ಆರ್ಟಿ ಅವನಿಗೆ ಸಮಾಧಾನ ಹೇಳುತ್ತಲೇ ಇದ್ದ. "ಎಲ್ಲರಿಗೂ ಆಗುತ್ತೆ ಕಣೋ. ನಿನ್ನ ಗುರಿ ಸರಿಯಾಗೇ ಇತ್ತು, ನಾನೇ ನೋಡ್ದೆ. ಟೀ ಕುಡೀತೀಯಾ ಸ್ವಲ್ಪ?" ಒಂದೊಂದು ಮಾತಿಗೂ ಕ್ಲೆಮ್ ಕುಗ್ಗಿಹೋಗುತ್ತಿದ್ದ. ಇವನು ಒಂದು ಸಲ ಬೈಯಬಾರದೆ, ಒಂದೇ ಒಂದು ಸಲ ಎನಿಸುತ್ತಿತ್ತು. ಬೈಯಲಿಲ್ಲ. ಫ್ಲಾಸ್ಕಿನ ಮುಚ್ಚಳದಲ್ಲಿ ಟೀ ಬಗ್ಗಿಸಿ ಕೊಟ್ಟ. ಕ್ಲೆಮ್ ಕುಡಿಯಲಾರದೆ ಚೆಲ್ಲಿದ.

ಕಡವೆ ಹಳ್ಳದ ತಿರುವಿನಲ್ಲಿ ನೀರಿನೊಳಗೆ ನಿಂತಿತ್ತು. ಓಡುವ ಶಕ್ತಿ ಉಳಿದಿರಲಿಲ್ಲ. ಎಡ ಮುಂಗಾಲು ನೆಲೆತಪ್ಪಿ ಜೋತಾಡುತ್ತಿತ್ತು, ತಲೆ ಬಗ್ಗಿ ಕೋಡಿನ ತುದಿ ನೀರಿಗೆ ತಾಗುತ್ತಿತ್ತು. ಇವರನ್ನು ನೋಡಿತು, ಅಷ್ಟೇ. ಕ್ಲೆಮ್ ಕೋವಿ ಎತ್ತದಿದ್ದುದನ್ನು ಕಂಡು ಆರ್ಟಿ ಅದನ್ನು ಇಸಿದುಕೊಂಡ. ಹದಿನೈದು ಹೆಜ್ಜೆಯಿಂದ ಕುತ್ತಿಗೆಗೆ ಹೊಡೆದ. ಅಷ್ಟು ಹತ್ತಿರದಿಂದ ಆ ಜಾಗಕ್ಕೆ ಯಾವ ಗುಂಡಾದರೂ ಸಾಕು.

ದಡಕ್ಕೆ ಎಳೆದರು. ಆರ್ಟಿ ಕೋಡಿಗೆ ಗೇಣು ಹಾಕಿ, "ಮೂವತ್ತೊಂದಕ್ಕೆ ಮೋಸ ಇಲ್ಲ" ಎಂದ. ಸಂತೋಷದಿಂದಲೇ ಹೇಳಿದ. ಆಮೇಲೆ ತೋಳು ಮಡಚಿ ಚರ್ಮ ಸುಲಿಯಲು ಕೂತ. ಎಡ ಭುಜಕ್ಕೆ ಬಂದಾಗ ಅವನ ಚಾಕು ನಿಂತಿತು. ಬೆರಳು ತೂರಿಸಿ ಹೊರಗೆ ತೆಗೆದು, ಅಂಗೈಯ ಮೇಲೆ ಹರವಿಕೊಂಡ. ರವೆಯಂಥ ತಾಮ್ರದ ಚೂರು, ಸೀಸದ ಚೂರು. ಚರ್ಮದ ಕೆಳಗೆ ತಟ್ಟೆಯಗಲ ಗಾಯ, ಮೂಳೆ ನುಚ್ಚುನೂರು, ಅದರ ಹಿಂದೆ ಎದೆಗೂಡು ಹಾಗೆಯೇ ಇತ್ತು. ಒಂದು ಗೆರೆ ಕೂಡ ಬಿದ್ದಿರಲಿಲ್ಲ.

ಆರ್ಟಿ ಒಂದು ಚೂರನ್ನು ಎತ್ತಿ ಬೆಳಕಿಗೆ ಹಿಡಿದ. ದಡ್ಡನಲ್ಲ ಅವನು. ಅವನಿಗೆ ಕಲಿಸಿದವನು ಚೆನ್ನಾಗಿಯೇ ಕಲಿಸಿದ್ದ.

"ಇದು ನರಿ ಗುಂಡು" ಎಂದ.

ಕ್ಲೆಮ್ ಕೋಡಿನ ಮೇಲಿನ ಕೆಸರು ಒರೆಸತೊಡಗಿದ.

"ಕ್ಲೆಮ್. ಇದು ನರಿ ಗುಂಡು ತಾನೇ?"

"ಹೌದು."

"ನೀನು ಡಬ್ಬಿ ತೆಗೆದಾಗ ಗೊತ್ತಿತ್ತಾ?"

ಈಗಲೂ ಒಂದು ಸುಳ್ಳು ಹೇಳಬಹುದಿತ್ತು, ಕಣ್ಣು ಮಂಜಾಗಿದೆ, ಡಬ್ಬಿ ಅದಲುಬದಲಾಯಿತು ಎಂದು. ಆರ್ಟಿ ನಂಬಿಬಿಡುತ್ತಿದ್ದ. ಅವನು ನಂಬುತ್ತಾನೆ ಎಂದು ಗೊತ್ತಿದ್ದುದರಿಂದಲೇ ಕ್ಲೆಮ್‌ಗೆ ಆ ಸುಳ್ಳು ಹೇಳಲಾಗಲಿಲ್ಲ.

"ಗೊತ್ತಿತ್ತು" ಎಂದ.

ಆರ್ಟಿ ಹಳ್ಳದ ನೀರಿನಲ್ಲಿ ಕೈ ತೊಳೆದ. ಒಂದೊಂದೇ ಬೆರಳನ್ನು ತಿಕ್ಕಿ ತೊಳೆದ. ಬೆನ್ನು ತಿರುಗಿಸಿಕೊಂಡೇ ಹೇಳಿದ, "ನಾನೂ ಅಲ್ಲಿಗೇ ಹೊಡೀತಿದ್ದೆ. ಭುಜಕ್ಕೇ. ನೀನು ಹೇಳ್ಕೊಟ್ಟಿದ್ದೇ ಹಾಗೆ."

ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಕ್ಲೆಮ್ ಎಲ್ಲ ಹೇಳುತ್ತಿದ್ದ. ಫೋಟೋ, ಮೊಣಕೈ, ಅಡುಗೆಮನೆಯ ನಗು, ಎಲ್ಲ. ಹೇಳಿ ಅತ್ತೂಬಿಡುತ್ತಿದ್ದನೇನೋ. ಆರ್ಟಿ ಮಾಂಸವನ್ನು ಚೀಲಕ್ಕೆ ತುಂಬಿ ಬೆನ್ನಿಗೇರಿಸಿಕೊಂಡು ಮುಂದೆ ಹೊರಟ. ಕಡವೆಯ ತಲೆಯನ್ನು ಅದಕ್ಕೆ ಗುಂಡು ಹೊಡೆದವನೇ ಹೊರಬೇಕೆಂದು ಅಲ್ಲಿಯ ಪದ್ಧತಿ. ಕ್ಲೆಮ್ ಕೋಡಿನ ತಲೆ ಹೆಗಲ ಮೇಲಿಟ್ಟುಕೊಂಡು ಏದುಸಿರು ಬಿಡುತ್ತ ಹಿಂದೆ ಹತ್ತಿದ. ಎರಡು ಸಲ ಜಾರಿ ಬಿದ್ದ. ಆರ್ಟಿ ಎರಡು ಸಲವೂ ನಿಂತ, ಅವನು ಏಳುವವರೆಗೆ ಕಾದ, ತಿರುಗಿ ಮಾತ್ರ ನೋಡಲಿಲ್ಲ.

ಮನೆಯ ಗೇಟಿನ ಹತ್ತಿರ ಗಾಡಿ ನಿಂತಾಗ ಮರ್ಲ್ ಏಪ್ರನ್ನಿನಲ್ಲೇ ಓಡಿಬಂದಳು. ಹಿಂದುಗಡೆ ಕೋಡು ಕಂಡು ಅವಳ ಎರಡೂ ಕೈ ಬಾಯಿಗೆ ಹೋದವು.

"ಕ್ಲೆಮ್! ನೀನೇನಾ ಹೊಡೆದಿದ್ದು? ಅಯ್ಯೋ ದೇವರೇ, ಕೊನೆಗೂ!" ಎಂದು ಗಂಡನ ಕೊರಳಿಗೆ ಜೋತುಬಿದ್ದಳು. ನಗುತ್ತಿದ್ದಳು, ಹೊಟ್ಟೆ ತುಂಬ ನಗುತ್ತಿದ್ದಳು. "ಆರ್ಟಿ, ನಿನ್ನ ಕೆಲಸ ಕಣೋ ಇದು, ನಂಗೊತ್ತು. ಬಾ ಒಳಗೆ, ಕುರಿ ಚಾಪ್ ಬೇಯ್ತಾ ಇದೆ. ಇವತ್ತು ನೀನು ಉಂಡೇ ಹೋಗ್ಬೇಕು."

"ಬೇಡ ಮರ್ಲ್. ಸುಸ್ತಾಗಿದೆ" ಎಂದ ಆರ್ಟಿ. ಚೀಲಗಳನ್ನು ಇಳಿಸಿ ಗೇಟಿಗೆ ಒರಗಿಸಿದ. ತನ್ನ ಪಾಲು ತೆಗೆದುಕೊಳ್ಳಲಿಲ್ಲ.

"ಹಾಗಾದ್ರೆ ನಾಳೆ ಬಾ. ಹೇಗಿದ್ರೂ ಭಾನುವಾರ, ತೋಟಾ ತುಂಬಿಸ್ಕೊಳ್ಳೋಕೆ ಬರಲೇಬೇಕಲ್ಲ?"

ಆರ್ಟಿ ಗಾಡಿ ಹತ್ತಿ ಬಾಗಿಲು ಹಾಕಿಕೊಂಡ. ಕಿಟಕಿಯ ಗಾಜು ಇಳಿಸಿ ಅವಳನ್ನು ನೋಡಿ ಮೆಲ್ಲಗೆ ಹೇಳಿದ, "ಇಲ್ಲ ಮರ್ಲ್. ಇನ್ಮೇಲೆ ನಾನು ತೋಟಾ ಅಂಗಡೀಲೇ ತಗೋತೀನಿ."

ಇದೂ ಅವನ ಹಾಸ್ಯವೇ ಎಂದುಕೊಂಡು ಮರ್ಲ್ ಕಿಲಕಿಲ ನಕ್ಕಳು. ಗಾಡಿ ತಿರುವಿನಲ್ಲಿ ಮರೆಯಾದರೂ ನಗುತ್ತಲೇ ಇದ್ದಳು. ಆಮೇಲೆ ಗಂಡನ ಮುಖ ನೋಡಿದಳು.

"ಯಾಕೆ ಹಾಗಂದ ಅವನು?" ಎಂದು ಕೇಳಿದಳು.